ಹಿತ್ತಲ ಕಲ್ಲು ಬೇವಿನಕಟ್ಟೆ ಏರಿತು

ಹಾರೆ ಹಿಡಿದು ಬಂದ ಕೆಲಸದವರಿಬ್ಬರೂ ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದರು. "ಇದು ದೇವ್ರು ಕಣಮ್ಮಾ, ನಾವು ಕೈ ಹಾಕಲ್ರಿ" ಎಂದುಬಿಟ್ಟರು.

ಹೊಳಲ್ಕೆರೆಯಲ್ಲಿ ನಾವು ಹೊಸದಾಗಿ ಕೊಂಡ ಮನೆಯ ಹಿತ್ತಲ ನಟ್ಟನಡುವೆ, ಮಲಗಿದ ಕರುವಿನಷ್ಟು ದೊಡ್ಡ ಗುಂಡುಕಲ್ಲಿತ್ತು. ಅದನ್ನು ತೆಗೆಸೋಣವೆಂದರೆ ಇಕ್ಕಟ್ಟಿನ ಓಣಿಗೆ ಜೆಸಿಬಿ ಬರುವಂತಿರಲಿಲ್ಲ. ಅಲುಗಿಸುವ ಮುನ್ನ ಕ್ಷಮೆ ಕೇಳಬೇಕೆಂದು ನಮ್ಮತ್ತೆ ಹಿಂದಿನ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದಿದ್ದರು. ಅದನ್ನು ಕಂಡ ಓಣಿಯ ಹೆಂಗಸರು ಬೆಳಗಾಗುವಷ್ಟರಲ್ಲಿ ಊದುಬತ್ತಿಯನ್ನೂ ಹಚ್ಚಿ ಹೋಗಿದ್ದರು!

ನಾನು ತಲೆಮೇಲೆ ಕೈಹೊತ್ತು ಕೂತೆ. ಅತ್ತೆ ಮಾತ್ರ ಸೆರಗು ಸಿಕ್ಕಿಸಿ ತಾವೇ ಹಾರೆ ಎತ್ತಿಕೊಂಡರು. "ದೇವ್ರನ್ನ ಯಾರಾದ್ರೂ ಹಿತ್ಲಾಗೆ ಕುಂದ್ರಿಸ್ತಾರೇನ್ರಪ್ಪಾ? ಬೇವಿನಕಟ್ಟೆಗೆ ಕರ್ಕಂಡು ಹೋಗಾಣ, ಬರ್ರಿ!"

ಕೆಲಸದವರಷ್ಟೇ ಅಲ್ಲ, ಇಡೀ ಓಣಿಯೇ ಬಂತು. ಹಗ್ಗ ಬಿಗಿದು, ಹಾರೆಯಲ್ಲಿ ಮೀಟಿ, ಜೈಕಾರ ಹಾಕುತ್ತಾ ಎಳೆದರು. ಮಧ್ಯಾಹ್ನದ ಊಟದ ಹೊತ್ತಿಗೆ ಕಲ್ಲು ಓಣಿಯ ತುದಿಯ ಬೇವಿನಕಟ್ಟೆ ಏರಿತ್ತು. ಹಿತ್ತಲು ನಮ್ಮದಾಗಿತ್ತು!

ಕಲ್ಲಿದ್ದ ಜಾಗದಲ್ಲೀಗ ದಾಸವಾಳ ಅರಳುತ್ತಿದೆ. ದಿನಾ ಮೊದಲ ಹೂವು ಬೇವಿನಕಟ್ಟೆಗೇ ಹೋಗುತ್ತದೆ. ಒಯ್ಯುವವಳು ಅತ್ತೆಯಲ್ಲ, ನಾನು.