ರಾಜೇಸಾಬ ನೆಟ್ಟಗೆ ಮಾಡಿದ ಕೊಳವೆ

ಸವಣೂರಿನಲ್ಲಿ ನೀರಿಗೆ ಸಂಬಂಧಪಟ್ಟ ಯಾವ ಕೆಲಸವಿದ್ದರೂ ರಾಜೇಸಾಬನನ್ನೇ ಕರೆಯುತ್ತಿದ್ದರು. ನಿಜಕ್ಕೂ ಅವನು ಕಲಾಯಿ ಹಾಕುವವನು. ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆಗಳನ್ನು ಕೆಂಡದ ಮೇಲಿಟ್ಟು ತವರ ಸವರಿ ಬೆಳ್ಳಗೆ ಮಾಡುವುದು ಅವನ ಕಸುಬು. ಹಂಡೆಯಲ್ಲೂ ನೀರು, ಬಾವಿಯಲ್ಲೂ ನೀರು ಎಂದು ಯಾರೋ ಜಾಣರು ತರ್ಕ ಮಾಡಿರಬೇಕು; ಬಾವಿಗೆ ಬಿದ್ದ ಕೊಡ ತೆಗೆಯಲೂ ಅವನೇ, ಸೋರುವ ತೊಟ್ಟಿ ಮುಚ್ಚಲೂ ಅವನೇ. ಗೊತ್ತಿಲ್ಲ ಎಂಬ ಮಾತನ್ನು ಅವನ ಬಾಯಲ್ಲಿ ನಾನು ಕೇಳಿರಲಿಲ್ಲ. "ನೋಡೋಣಂತ್ರಿ ಬಾಯಾರ" ಅನ್ನುವನು, ಟೋಪಿಯನ್ನು ಹಿಂದಕ್ಕೆ ಸರಿಸಿ ತಲೆ ಕೆರೆದುಕೊಳ್ಳುವನು, ಕೂತುಬಿಡುವನು.

ಅಂಥವನ ತಲೆಯನ್ನು ೧೯೩೮ರಲ್ಲಿ ನಮ್ಮ ಮನೆಯ ಪಾಯಖಾನೆ ಹದಿನೈದು ದಿನ ಕೆಡಿಸಿತು. ನಮ್ಮೆಲ್ಲರದೂ ಕೆಟ್ಟಿತು ಅನ್ನಿ.

ಆ ವರ್ಷ ನಮ್ಮ ಅತ್ತೆ ಗೋಪಿಕಾಬಾಯಿಯವರು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಎಲುಬು ಹೇಗೋ ಕೂಡಿತು, ಆದರೆ ಕುಕ್ಕರಗಾಲಿನಲ್ಲಿ ಕೂಡಲು ಬರದಂತಾಯಿತು. ಹಿತ್ತಲಲ್ಲಿದ್ದದ್ದು ಎರಡು ಹಲಗೆ ಹಾಸಿದ ಹಳೆಯ ಗುಂಡಿ. ದಿನಾಲೂ ಅವರನ್ನು ಅಲ್ಲಿಗೆ ನಡೆಸಿಕೊಂಡು ಹೋಗಿ, ಕಂಕುಳಲ್ಲಿ ಕೈಕೊಟ್ಟು ನಾನು ಎತ್ತಿ ಹಿಡಿದಿರಬೇಕು. ನನಗೆ ಬೇಸರವಿರಲಿಲ್ಲ ಅಂದರೆ ಸುಳ್ಳಾದೀತು. ಆದರೆ ನನ್ನ ಬೇಸರಕ್ಕಿಂತ ಅವರ ನಾಚಿಕೆ ದೊಡ್ಡದಿತ್ತು. ಮೆಲ್ಲಗೆ ಊಟ ಬಿಡತೊಡಗಿದರು. ಮೊದಲು ರಾತ್ರಿಯ ಅನ್ನ ಹೋಯಿತು, ಆಮೇಲೆ ಮಜ್ಜಿಗೆ, ಆಮೇಲೆ ನೀರು. ಹಿಡಿ ಅವಲಕ್ಕಿ ತಿಂದು "ಹಗುರ ಅದವಾ, ಏಕಾದಶಿ ಮಾಡಿದ್ಹಂಗ" ಅನ್ನುವರು. ಹೊಟ್ಟೆಗೆ ಹೋಗದಿದ್ದರೆ ಹಿತ್ತಲಿಗೆ ಹೋಗುವ ಮಾತಿಲ್ಲವಲ್ಲ! ಅವರ ಮುಂಗೈ ನನ್ನ ಎರಡು ಬೆರಳಿನ ಹಿಡಿತಕ್ಕೆ ಬಂತು. ಹೀಗೇ ಹೋಗಿಬಿಡುತ್ತಾರೆಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಮುಂಬಯಿಯಲ್ಲಿದ್ದ ಮೈದುನ ವಿಠ್ಠಲನಿಗೆ ಕಾಗದ ಬರೆದೆ. ತಿಂಗಳೊಳಗೆ ಯಲವಿಗಿ ಸ್ಟೇಷನ್ನಿನಿಂದ ಚಕ್ಕಡಿಯಲ್ಲಿ ದೊಡ್ಡದೊಂದು ಪೆಟ್ಟಿಗೆ ಬಂತು. ಹುಲ್ಲಿನ ನಡುವೆ ಪಿಂಗಾಣಿಯ ಕುರ್ಚಿ, ಮೇಲೆ ತೂಗುಹಾಕುವ ಕಬ್ಬಿಣದ ತೊಟ್ಟಿ, ಜಗ್ಗುವ ಸರಪಳಿ, ಸೀಸದ ಕೊಳವೆಗಳು. ಹೇಗೆ ಜೋಡಿಸಬೇಕೆಂಬ ಅಚ್ಚಿನ ಕಾಗದವೂ ಇತ್ತಂತೆ. ಹುಲ್ಲಿನ ಜೊತೆ ಅದನ್ನು ನೀರೊಲೆಗೆ ತುಂಬಿದವಳು ನಾನೇ.

ರಾಜೇಸಾಬ ಹಿತ್ತಲ ಬಾಗಿಲಿನಿಂದ ಬಂದು ಪಿಂಗಾಣಿಯನ್ನು ಬೆರಳಿನಿಂದ ಬಡಿದು ನೋಡಿದ.

"ಇದರ ಮ್ಯಾಲ ಕುಂಡ್ರೋದೋ, ಹತ್ತಿ ನಿಂದ್ರೋದೋ, ಬಾಯಾರ?"

"ನಮಗೇನು ಗೊತ್ತೋ ಮಾರಾಯಾ. ಅದಕ್ಕ ನಿನ್ನ ಕರಸೇವಿ" ಅಂದೆ.

ಬಚ್ಚಲಿನ ಪಕ್ಕದ ಕಟ್ಟಿಗೆಯ ಕೋಣೆಯನ್ನು ಖಾಲಿ ಮಾಡಿಸಿ, ಅಲ್ಲಿಂದ ಹಳೆಯ ಗುಂಡಿಗೆ ಕೊಳವೆ ಹಾಯಿಸಿದ. ಗುಂಡಿಯ ಮೇಲೆ ಕಲ್ಲುಚಪ್ಪಡಿ ಮುಚ್ಚಿದ. ಕಬ್ಬಿಣದ ತೊಟ್ಟಿಯನ್ನು ಗೋಡೆಯ ಮೇಲೆ ತೂಗುಹಾಕಿದ; ಅದಕ್ಕೆ ಬಾವಿಯ ನೀರನ್ನು ನಾವೇ ಹೊತ್ತು ತುಂಬಬೇಕು. ಓಣಿಗೆ ಓಣಿಯೇ ನೋಡಲು ಬಂತು. ಮುಖ ಪೂರ್ವಕ್ಕೆ ಮಾಡಬೇಕೋ ಉತ್ತರಕ್ಕೋ? ಸರಪಳಿಯನ್ನು ಮೊದಲು ಜಗ್ಗುವುದೋ ಆಮೇಲೋ? ಜನಿವಾರ ಕಿವಿಗೆ ಸುತ್ತಿದವರು ಯಾವ ಕೈಯಿಂದ ಜಗ್ಗಬೇಕು? ಎಲ್ಲಕ್ಕೂ ರಾಜೇಸಾಬ "ನೋಡೋಣಂತ್ರಿ" ಅಂದ. ವಕೀಲರ ಕಚೇರಿಯಲ್ಲಿ ಹತ್ತು ವರ್ಷ ಗುಮಾಸ್ತಿಕೆ ಮಾಡಿದ ನಮ್ಮ ಮನೆಯವರೂ ಕೈಕಟ್ಟಿ ನಿಂತು ಅದನ್ನೇ ಅಂದರು.

ಅತ್ತೆ ಗೋಡೆ ಹಿಡಿದು ಬಂದು ಬಗ್ಗಿ ನೋಡಿದರು. ಪಿಂಗಾಣಿಯ ತಳದಲ್ಲಿ ಬೊಗಸೆಯಷ್ಟು ನೀರು ನಿಂತಿತ್ತು.

"ನೀರು ಯಾಕ ನಿಂತದ?"

ರಾಜೇಸಾಬ ಒಂದು ಕೊಡ ಸುರುವಿದ. ಹಳೆಯ ನೀರು ಹೋಗಿ ಹೊಸದು ನಿಂತಿತು. ಇನ್ನೊಂದು ಕೊಡ ಸುರುವಿದ. ಮತ್ತೆ ಅಷ್ಟೇ ನಿಂತಿತು.

"ನಿಂತ ನೀರಿನ ಮ್ಯಾಲ ನಾ ಕೂಡೂದಿಲ್ಲ. ಮೈಲಿಗಿ" ಎಂದು ಅತ್ತೆ ತಿರುಗಿಬಿಟ್ಟರು. ಅವತ್ತು ಅವಲಕ್ಕಿಯೂ ಬೇಡವೆಂದರು.

ರಾಜೇಸಾಬ ನೆಲಕ್ಕೆ ಕೆನ್ನೆ ಹಚ್ಚಿ ಕೆಳಗೆ ಹಣಿಕಿದ. ಪಿಂಗಾಣಿಯ ಬುಡದ ಸೀಸದ ಕೊಳವೆ ಕೆಳಗಿಳಿದು, ಮತ್ತೆ ಮೇಲಕ್ಕೆದ್ದು, ಆಮೇಲೆ ಮುಂದೆ ಹೋಗಿತ್ತು. ಅವನ ಮುಖ ಅರಳಿತು. ಸೀಸ ಎಷ್ಟು ಮೆತ್ತಗಿನದು ಎಂಬುದನ್ನು ಸವಣೂರಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ರೈಲಿನ್ಯಾಗ ಬರೋವಾಗ ಬಾಗೇತ್ರಿ! ಅದಕ್ಕ ನೀರು ನಿಲ್ಲಾಕತ್ತೈತಿ."

ಕೊಳವೆ ಬಿಚ್ಚಿ, ಹದವಾಗಿ ಕಾವು ಕೊಟ್ಟು, ಕಟ್ಟಿಗೆಯ ಕೊಡತಿಯಿಂದ ತಟ್ಟಿ ತಟ್ಟಿ ನೆಟ್ಟಗೆ ಮಾಡಿದ. ಉದ್ದ ಹೆಚ್ಚಾದದ್ದನ್ನು ಕತ್ತರಿಸಿ ತನ್ನ ಚೀಲಕ್ಕೆ ಹಾಕಿಕೊಂಡ. ಈಗ ನೀರು ಸುರುವಿದರೆ ಸರ್ರನೆ ಹೋಯಿತು, ಒಂದು ಹನಿ ನಿಲ್ಲಲಿಲ್ಲ. ಎಲ್ಲರೂ ಶಹಭಾಸ್ ಅಂದೆವು.

ಮರುದಿನ ಮುಂಜಾನೆ ಮನೆಯಲ್ಲಿ ನಿಲ್ಲುವ ಹಾಗಿರಲಿಲ್ಲ. ಗುಂಡಿಯ ನಾತವೆಲ್ಲ ಬಚ್ಚಲು ದಾಟಿ, ಅಡುಗೆಮನೆ ದಾಟಿ ದೇವರ ಮನೆಗೆ ಬಂದಿತ್ತು. ಜಿರಳೆಗಳು ಪಿಂಗಾಣಿಯೊಳಗಿಂದ ಸಾಲಾಗಿ ಹತ್ತಿ ಬಂದವು. ನಮ್ಮ ಮನೆಯವರು ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ಗಂಟೆ ಬಾರಿಸಿದರು.

ರಾಜೇಸಾಬ ಚಪ್ಪಡಿಯ ಸಂದಿಗೆ ಗಚ್ಚು ಮೆತ್ತಿದ. ಕೊಳವೆಯ ಕೂಡುಗಳಿಗೆ ತವರ ಹೊಯ್ದ. ಲೋಬಾನದ ಹೊಗೆ ಹಾಕಿದ. ಏನು ಮಾಡಿದರೂ ನಾತ ಹೋಗಲಿಲ್ಲ. ಯಾಕೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ಹನ್ನೆರಡನೆಯ ದಿನ ನಮ್ಮ ಮನೆಯವರು, ನಾಳೆ ಇದನ್ನು ಒಡೆಸಿ ತಿಪ್ಪೆಗೆ ಹಾಕಿಸುತ್ತೇನೆ ಅಂದರು. ಅತ್ತೆ ಒಳಗಿಂದಲೇ "ಹಾಕಿಸಿಬಿಡಪಾ. ನನ್ನ ಸಲುವಾಗಿ ಮನೀಗೆ ನಾತ ಬ್ಯಾಡ. ನನಗ ಹಿಂಗಽ ಹಗುರ ಅದ" ಅಂದರು.

ನನ್ನ ಸಿಟ್ಟು ನೆತ್ತಿಗೇರಿತು. ಹಿತ್ತಲಿಗೆ ಹೋಗಿ ರಾಜೇಸಾಬನ ಮೇಲೆ ಹರಿಹಾಯ್ದೆ. "ಆ ಮುದುಕಿ ಉಪವಾಸ ಸಾಯಲಿಕ್ಕೆ ಹತ್ತ್ಯಾರ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಒಂದು ಮಾತು ಅನಬೇಕೋ ಬ್ಯಾಡೋ?"

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಗೊತ್ತಿಲ್ರಿ ಬಾಯಾರ" ಅಂದ. ಮುಖ ಸಣ್ಣದಾಗಿತ್ತು. ಬೈದದ್ದು ಹೆಚ್ಚಾಯಿತೆಂದು ನನಗೇ ಕೆಡುಕೆನಿಸಿತು.

ಆಗ ಬಚ್ಚಲ ಕಿಟಕಿಯಿಂದ ಅತ್ತೆಯ ದನಿ ಬಂತು. "ರಾಜೇಸಾಬ, ಮೊದಲ್ನೇ ದಿನ ನಾತ ಇತ್ತೇನು?"

"ಇದ್ದಿಲ್ರಿ ಅವ್ವಾರ."

"ಗುಂಡಿ ಅದಽ. ಚಪ್ಪಡಿ ಅದಽ. ಅವತ್ತು ಇದ್ದದ್ದು ಈಗ ಏನಿಲ್ಲ?"

"ನೀರು ನಿಂತಿತ್ರಿ..." ಅಂದ. ಕೊಳವೆ ನೋಡಿದ, ಗುಂಡಿ ನೋಡಿದ, ಮತ್ತೆ ಕೊಳವೆ ನೋಡಿದ. ಆಮೇಲೆ ಹಣೆ ಬಡಿದುಕೊಂಡ. "ಆ ನೀರಽ ಬಾಗಲಾ ಆಗಿತ್ರಿ ಅವ್ವಾರ! ನಾತ ಬರಲಾರದಂಗ ತಡದಿತ್ತು. ನಾನಽ ಕೈಯ್ಯಾರೆ ಬಾಗಲಾ ಕಿತ್ತ ಒಗದೆ."

ಚೀಲದಿಂದ ಕತ್ತರಿಸಿದ ತುಂಡನ್ನು ತೆಗೆದು ಮತ್ತೆ ಬೆಸೆದ. ಬಗ್ಗಿಸುವಾಗ ಚಪ್ಪಟೆಯಾಗದಿರಲೆಂದು ಒಳಗೆ ಮರಳು ಗಿಡಿದು ತುಂಬಿದ. ಒಮ್ಮೆ ಸೀಳಿತು, ತವರ ಹಾಕಿ ಕೂಡಿಸಿದ. ಮೂರನೆಯ ದಿನಕ್ಕೆ ಕೊಳವೆ ಮುಂಬಯಿಯಿಂದ ಬಂದಾಗ ಇದ್ದಂತೆ ಬಾಗಿ ಕೂತಿತು, ತಳದಲ್ಲಿ ಬೊಗಸೆ ನೀರು ನಿಂತಿತು. ಸಂಜೆಯೊಳಗೆ ಮನೆಯಲ್ಲಿ ಬರೀ ಊದಿನಕಡ್ಡಿಯ ವಾಸನೆ.

ಇನ್ನು ಮೈಲಿಗೆಯದೇ ಚಿಂತೆ. ಅತ್ತೆಯ ಮುಖವನ್ನೇ ನೋಡುತ್ತ ನಿಂತೆ. ಅವರು ತಾವೇ ಸರಪಳಿ ಜಗ್ಗಿ, ಹಳೆಯ ನೀರು ಹೋಗಿ ಹೊಸದು ಬಂದದ್ದನ್ನು ಬಗ್ಗಿ ನೋಡಿದರು. "ಹೊಸಾದು ಬಂದು ಹಳೇದು ಹೋಗ್ತದಂದಮ್ಯಾಲ ಇದು ನಿಂತ ನೀರು ಹ್ಯಾಂಗಾತು?" ಎಂದು ನನ್ನನ್ನೇ ಕೇಳಿದರು. ನಾನು ಎಂದಿನಂತೆ ಕಂಕುಳಿಗೆ ಕೈಕೊಡಹೋದೆ. ನನ್ನ ಕೈ ಸರಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನ ಮಧ್ಯಾಹ್ನ ಅವರಿಗೆ ಎಲೆ ಹಾಕಿದೆ. ಎಂದಿನಂತೆ ಅವಲಕ್ಕಿ ತಂದರೆ ಅದನ್ನು ಬದಿಗೆ ಸರಿಸಿ, "ತುಳಸಾ, ಅನ್ನ ಹಾಕವಾ. ಮೊದಲ ನೀರು ಕೊಡು" ಅಂದರು. ತಂಬಿಗೆ ತುಂಬಿ ಕೊಟ್ಟೆ. ಗಟಗಟ ಕುಡಿದು ಮತ್ತೆ ಮುಂದಕ್ಕೆ ಚಾಚಿದರು. ಮತ್ತೆ ತುಂಬುವಾಗ ನನ್ನ ಕಣ್ಣು ಮಂಜಾಗಿ ಅರ್ಧ ನೀರು ನೆಲಕ್ಕೆ ಚೆಲ್ಲಿತು.

ಕೊಡತಿ, ಚೀಲ ಒಯ್ಯಲು ಬಂದಿದ್ದ ರಾಜೇಸಾಬ ಹಿತ್ತಲಿಂದ ಗಾಬರಿಯಲ್ಲಿ ಕೂಗಿದ. "ನೀರಿನ ಸಪ್ಪಳ ಆತಲ್ರಿ ಬಾಯಾರ, ಎಲ್ಲಿ ಸೋರಾಕತ್ತೈತ್ರಿ?"

"ಎಲ್ಲೂ ಇಲ್ಲಪಾ" ಅಂದೆ. ಅತ್ತೆ ಎರಡನೆಯ ತಂಬಿಗೆಯನ್ನೂ ತಳದವರೆಗೆ ಕುಡಿದು ಕೆಳಗಿಟ್ಟರು.