ಚಕ್‌ನಲ್ಲಿ ಉಳಿದ ಕೀ

ಲೇತ್ ಯಂತ್ರದ ಸ್ವಿಚ್ ಒತ್ತಲು ಹೋದ ಚೈತ್ರಾಳ ಕೈ ಗಾಳಿಯಲ್ಲೇ ನಿಂತಿತು. ಹಾಸನದ ಐಟಿಐ ಒಂದರಲ್ಲಿ ನಾನು ಅವಳ ಮೇಷ್ಟ್ರು. ಹತ್ತಿರ ಹೋಗಿ ನೋಡಿದರೆ, ಕಬ್ಬಿಣದ ತುಂಡನ್ನು ಹಿಡಿಯುವ ಚಕ್‌ನಲ್ಲಿ, ಅದನ್ನು ಬಿಗಿಯುವ ಕೀ ಹಾಗೇ ಇತ್ತು. ಯಂತ್ರ ತಿರುಗಿದ್ದರೆ ಅದು ಸಿಡಿದು ಅವಳ ಮುಖಕ್ಕೆ ಬಡಿಯುತ್ತಿತ್ತು.

“ಯಾರೋ ಕೈ ಹಿಡ್ಕಂಡ್ರು ಸಾ. ಮೂರೇ ಬೆರಳು ಇದ್ದಂಗಿತ್ತು,” ಎಂದಳು.

ಅವಳ ಹಿಂದೆ ಯಾರೂ ಇರಲಿಲ್ಲ.

ಇದೇ ಲೇತ್‌ನಲ್ಲಿ ಎರಡು ಬೆರಳು ಕಳೆದುಕೊಂಡಿದ್ದ ನನ್ನ ಮೇಷ್ಟ್ರು ತೀರಿಕೊಂಡು ವರ್ಷಗಳಾಗಿವೆ. ಹೊಸದಾಗಿ ಸೇರಿದ ಚೈತ್ರಾಳಿಗೆ ಅವರ ಹೆಸರೂ ಗೊತ್ತಿಲ್ಲ. “ಕೆಲ್ಸ ಆದ್ಮೇಲೆ ಕೀ ಜೇಬಲ್ಲಿರ್ಬೇಕು ಕಣ್ಲಾ,” ಎಂದು ಅವರು ದಿನಾ ಬೈಯುತ್ತಿದ್ದುದು ನನಗೆ.

ಅವತ್ತು ಕೀ ಬಿಟ್ಟಿದ್ದು ಚೈತ್ರಾ ಅಲ್ಲ. ಅವಳಿಗೆ ತೋರಿಸಿಕೊಟ್ಟು ತೆಗೆಯಲು ಮರೆತವನು ನಾನು. ಈಗ ಪ್ರತಿ ಪಾಠ ಮುಗಿದ ಮೇಲೂ ಕೀಯನ್ನು ಜೇಬಿಗೆ ಹಾಕುತ್ತೇನೆ, ಹಿಂದೆ ನಿಂತವರಿಗೆ ಕಾಣುವಂತೆ.