ಹಸಿ ಬಣ್ಣದ ಬೋರ್ಡು

ಪೇಂಟರ್ ಒಬ್ಬನಿದ್ದ. ಆ ಬೀದಿಯ ಅರ್ಧ ಮನೆಗಳ ಗೋಡೆಗಳು ಅವನ ಕೈ ಕಂಡವೇ. ಆದರೆ ಅವನನ್ನು ಹೆಸರು ಹಿಡಿದು ಕರೆದವರಿಲ್ಲ; ಎಲ್ಲರ ಬಾಯಲ್ಲೂ ಅವನು ‘ಎರಡು ಕೋಟಣ್ಣ’. ಒಂದೇ ಕೋಟು ದಪ್ಪಗೆ ಬಳಿದು ಮುಗಿಸಿಬಿಡು ಅಂದ ಗಿರಾಕಿಗೆ, “ಬೇರೆ ಯಾರನ್ನಾದ್ರೂ ಕರ್ಕೊಳ್ಳಿ ಸಾರ್. ದಪ್ಪಗೆ ಬಳಿದಿದ್ದು ಸಿಪ್ಪೆ ಏಳುತ್ತೆ. ತೆಳ್ಳಗೆ ಒಂದು, ಆರಿದ ಮೇಲೆ ಇನ್ನೊಂದು” ಎಂದು ಬ್ರಷ್ ಎತ್ತಿಕೊಂಡು ಹೊರಟೇಬಿಡುತ್ತಿದ್ದ.

ಕೆಲಸದಲ್ಲಿ ಇಷ್ಟು ಹಟಮಾರಿ, ಮನೆಯಲ್ಲಿ ಮಾತ್ರ ಬೆಣ್ಣೆ. ಮನೆಗೆ ಇದ್ದದ್ದು ಒಂದೇ ಬಚ್ಚಲು, ಪಾಯಿಖಾನೆಯೂ ಅದರೊಳಗೇ. ಬೆಳಗ್ಗೆ ಮೊದಲು ಬಸ್ ಓಡಿಸುವ ಅಳಿಯ, ಆಮೇಲೆ ಶಾಲೆಯಲ್ಲಿ ಪಾಠ ಹೇಳುವ ಮಗಳು, ಆಮೇಲೆ ಹೆಂಡತಿ. ಎಲ್ಲರ ಸರದಿ ಮುಗಿದ ಮೇಲೆ ಇವನು.

ಹೀಗಿರುವಾಗ ಮಲದಲ್ಲಿ ರಕ್ತ ಕಂಡಿತು. ಅವನ ಅಣ್ಣ ಕರುಳಿನ ಕ್ಯಾನ್ಸರಿನಲ್ಲಿ ಹೋಗಿದ್ದ, ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ವಿಷಯ ಕೇಳಿದ ಹೆಂಡತಿ ಒಲೆ ಆರಿಸಿ ಸುಮ್ಮನೆ ಕೂತುಬಿಟ್ಟಳು. ಬಾಯಿ ತುಂಬ ಮಾತಾಡುವವಳು ಸುಮ್ಮನಾದಳೆಂದರೆ ಮನೆಯಲ್ಲಿ ಎಲ್ಲರಿಗೂ ಭಯ.

ಡಾಕ್ಟರು ಕೊಲೊನೋಸ್ಕೋಪಿ ಮಾಡಬೇಕೆಂದರು, ಎಂದರೆ ಕರುಳಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡುವುದು. ಅದಕ್ಕೆ ಮೊದಲು ಕರುಳು ತೊಳೆದಂತಿರಬೇಕು. ನರ್ಸು ಪುಡಿಯ ಪೊಟ್ಟಣಗಳನ್ನು ಕೊಟ್ಟು, “ನೀರಲ್ಲಿ ಕಲಸಿ ಅರ್ಧ ಸಂಜೆ, ಅರ್ಧ ನಸುಕಿನಲ್ಲಿ ಕುಡೀರಿ” ಎಂದಳು.

ಸುದ್ದಿ ಹಬ್ಬಿತು. ಪಕ್ಕದ ಮನೆಯ ಕ್ಷೌರಿಕ ಬಂದ. “ಅಣ್ಣಾ, ನಂಗೆ ಇಂಥದ್ದೇ ಪರೀಕ್ಷೆಗೆ ಎನಿಮಾ ಕೊಟ್ಟಿದ್ರು, ಹಿಂದಿನಿಂದ ನೀರು ಬಿಟ್ಟು. ಮಾನ ಹೋಯ್ತು, ಹೊಟ್ಟೆ ಉಳೀತು.”

ಎದುರುಮನೆ ಅಜ್ಜಿ, ಪುಡಿ ಕಲಸಲು ನೀರು ತುಂಬಿಟ್ಟಿದ್ದ ಕೊಡ ನೋಡಿ ಗಲ್ಲದ ಮೇಲೆ ಕೈಯಿಟ್ಟಳು. “ನಂಗೆ ಸಣ್ಣ ಬಾಟಲಿ ಕೊಟ್ಟಿದ್ರಪ್ಪ. ಔಷಧಿ ಎರಡೇ ಗುಟುಕು, ಮೇಲೆ ನೀರು ಅಷ್ಟೆ. ನಿಂಗೇನು ಎಮ್ಮೆಗೆ ಇಟ್ಟಂಗೆ ಇಟ್ಟಿದ್ದಾರಲ್ಲೋ!”

ಅವನ ಚಿಂತೆಯೇ ಬೇರೆ. ನಸುಕಿನಲ್ಲಿ ಕುಡಿದರೆ ಬೆಳಗೆಲ್ಲ ಬಚ್ಚಲು ತನ್ನದೇ. ಅಳಿಯನ ಬಸ್ಸಿನ ಗತಿ? ಮಗಳ ಶಾಲೆ? ಯಾರಿಗೂ ಹೇಳದೆ, ಇಡೀ ಕೊಡವನ್ನು ಸಂಜೆಯೇ ಮೂಗು ಹಿಡಿದು ಕುಡಿದು ಮುಗಿಸಿದ.

ಮರುದಿನ ಡಾಕ್ಟರು ಹೊರಗೆ ಬಂದು ತಲೆಯಾಡಿಸಿದರು. “ಒಳಗೆ ಸರಿಯಾಗಿ ಕಾಣಲೇ ಇಲ್ಲ. ಏನೂ ಇಲ್ಲ ಅಂತ ನಾನು ಹೇಳೋ ಹಾಗಿಲ್ಲ, ಇದೆ ಅಂತಲೂ ಹೇಳೋ ಹಾಗಿಲ್ಲ. ಮತ್ತೆ ಮಾಡಬೇಕು.”

ಹೆಂಡತಿಯ ಮುಖ ಸುಣ್ಣವಾಯಿತು. ಮದ್ದಿನ ಮಂಪರಿನಲ್ಲಿದ್ದ ಗಂಡ, ಎಲ್ಲವನ್ನೂ ಸಂಜೆಯೇ ಕುಡಿದದ್ದನ್ನು ತಾನೇ ಒಪ್ಪಿಕೊಂಡ. ನರ್ಸು ಬೈಯಲಿಲ್ಲ. “ಸಂಜೆ ತೊಳೆದರೂ ರಾತ್ರಿಯೆಲ್ಲ ಮೇಲಿಂದ ರಸ ಇಳಿದು ಕರುಳಿನ ಗೋಡೆಗೆ ಅಂಟುತ್ತೆ ಅಣ್ಣ. ಅದನ್ನ ತೆಗೆಯೋಕೇ ನಸುಕಿನದು. ಸಣ್ಣ ಬಾಟಲಿನೂ ಇದೆ, ಆದ್ರೆ ನಿಮ್ಮ ವಯಸ್ಸಿಗೆ, ಬಿ.ಪಿ.ಗೆ ಈ ಪುಡಿನೇ ವಾಸಿ.”

ಆಗ ಹೆಂಡತಿಗೆ ಬಾಯಿ ಬಂತು. “ಏನ್ರೀ, ಊರವರ ಗೋಡೆಗೆಲ್ಲ ಎರಡು ಕೋಟು, ನಿಮ್ಮ ಗೋಡೆಗೆ ದಪ್ಪಗೆ ಒಂದೇನಾ?”

“ಬಚ್ಚಲು ಕಣೇ... ಅಳಿಯಂದ್ರು ಬಸ್ಸು...”

ಬಾಗಿಲಲ್ಲಿ ನಿಂತಿದ್ದ ಅಳಿಯ ಕೆಳಗೆ ನೋಡಿದ. “ಮಾವ, ಡಿಪೋದಲ್ಲಿ ನಲ್ಲಿ ಇದೆ, ಪಾಯಿಖಾನೆ ಇದೆ. ನನ್ನ ಒಂದು ಮಾತು ಕೇಳಬಾರದಿತ್ತಾ?”

ಎರಡನೇ ಸಲ ಸಂಜೆ ಅರ್ಧ ಕೊಡ ಇಳಿಯಿತು. ಮಗಳು ನಿಂಬೆರಸ ಹಿಂಡಿ, ತಣ್ಣಗೆ ಮಾಡಿ ಕೊಟ್ಟಳು. ನಸುಕಿನಲ್ಲಿ ಅವನು ಲೋಟ ಹಿಡಿದು ಎದ್ದಾಗ ಬಚ್ಚಲ ಬಾಗಿಲಿಗೆ ಅವನದೇ ಹಳೆಯ ಹಲಗೆ ತೂಗುತ್ತಿತ್ತು: ‘ಹಸಿ ಬಣ್ಣ. ಯಾರೂ ಮುಟ್ಟಬೇಡಿ.’ ಅಳಿಯ ಟವೆಲ್ ಹೆಗಲಿಗೆ ಹಾಕಿಕೊಂಡು ಆಗಲೇ ಡಿಪೋಗೆ ಹೊರಟಿದ್ದ. ಮಗಳು ಸ್ನಾನಕ್ಕೆ ಕ್ಷೌರಿಕನ ಮನೆ ಹೊಕ್ಕಿದ್ದಳು. ಹೆಂಡತಿ ಮಾತ್ರ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತಿದ್ದಳು.

“ಇದ್ದೀಯೇನೇ?”

“ಇದ್ದೀನಿ. ನಿಮ್ಮ ಸಂಗೀತ ಕಛೇರಿ ಕೇಳ್ಕೊಂಡು.”

ಒಳಗಿನಿಂದ ನಗು ಬಂತು.

ಈ ಸಲ ಗೋಡೆ ಕಂಡಿತು. ಕರುಳಿನ ಮಡಿಕೆಯೊಂದರ ಹಿಂದೆ ಬಟಾಣಿ ಕಾಳಿನಷ್ಟು ಗಂಟು. ಡಾಕ್ಟರು ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬರುವ ತನಕ ಹಲಗೆ ಬಾಗಿಲಲ್ಲೇ ಇತ್ತು. ಅಳಿಯ ಅದನ್ನು ಸರಿಸಿ ಒಳಗೆ ಹೋಗುವನು, ಮಗಳು ಸರಿಸಿ ಹೋಗುವಳು, ತೆಗೆಯುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಮಗಳು ಆಸ್ಪತ್ರೆಯಿಂದ ಓಡೋಡಿ ಬಂದಳು. “ಅಮ್ಮಾ, ಕೆಟ್ಟದ್ದೇನೂ ಅಲ್ವಂತೆ! ಬಿಟ್ಟಿದ್ರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತಂತೆ. ಈಗ ಬೇರುಸಹಿತ ಹೋಗಿದೆ.”

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎದ್ದಳು. ಹಲಗೆ ಇಳಿಸಿದಳು. ಬಾಗಿಲ ಮೇಲೆ ಅಂಗೈಯಿಟ್ಟು ನೋಡಿದಳು.

“ಹ್ಞೂಂ,” ಎಂದಳು, “ಈಗ ಆರಿತು.”